ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ

ದೆಹಲಿಯಲ್ಲಿ ನೆಲಸಿರುವ ನಾವು ವರ್ಷವರ್ಷವೂ ರಾಜ್ಯೋತ್ಸವದಂದು ನಾಡಿನ ಕವಿಗಳನ್ನೂ ಅರಸರನ್ನೂ ನೆನೆಯುತ್ತೇವೆ. ಯೋಧರ ನೆನಪು ಬರುವುದು ಅಪರೂಪ. ಅಂತಹ ಒಬ್ಬ ಮಹನೀಯರನ್ನು ಕುರಿತು ಇಲ್ಲಿ ನಾಲ್ಕು ಮಾತು ಬರೆಯಬಯಸುತ್ತೇವೆ.

ಅಜ್ಜಮಾಡ ಬೊಪ್ಪಯ್ಯ ದೇವಯ್ಯನವರು 1932ರ ಡಿಸೆಂಬರ್ 24ರಂದು ಕೊಡಗಿನಲ್ಲಿ ಜನಿಸಿದರು. ತಂದೆಯವರು ವೈದ್ಯರು. ಆಗ ಕೊಡಗು ಬ್ರಿಟಿಷರ ಕೈಕೆಳಗಿನ ಪ್ರತ್ಯೇಕ ಪ್ರಾಂತವಾಗಿತ್ತು. 1954ರಲ್ಲಿ ದೇವಯ್ಯನವರು ವಾಯುಪಡೆಯಲ್ಲಿ ವಿಮಾನಚಾಲಕರಾದಾಗಲೂ ಅದು ಬೇರೆಯೇ ರಾಜ್ಯ. 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯದೊಡನೆ ಕೂಡಿತು. ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ 1973ನೆಯ ಇಸವಿಯನ್ನು ಮಾತ್ರ ಅವರು ಕಾಣಲಿಲ್ಲ.

ಕೆಲಕಾಲ ಅವರು ತರುಣರಿಗೆ ವಿಮಾನ ಹಾರಿಸುವುದನ್ನು ಕಲಿಸುವ ಶಿಕ್ಷಕರಾಗಿದ್ದರು. 1965ರ ಯುದ್ಧ ಬಂದಾಗ ಪಂಜಾಬಿನ ಆದಂಪುರದಲ್ಲಿ 1ನೆಯ ಸ್ಕ್ವಾಡ್ರನ್ನಿನೊಡನೆ ಇದ್ದರು. ಸೆಪ್ಟೆಂಬರ್ 7ರ ನಸುಕಿನಲ್ಲಿ ವಿಂಗ್ ಕಮಾಂಡರ್ ತನೇಜಾ ಅವರ ನಾಯಕತ್ವದಲ್ಲಿ ಹನ್ನೆರಡು ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಿಮಾನನೆಲೆಯ ಮೇಲೆ ದಾಳಿಗೆ ಹೊರಡಬೇಕಾಗಿತ್ತು. ಆ ಹನ್ನೆರಡರಲ್ಲಿ ದೇವಯ್ಯನವರ ಹೆಸರಿರಲಿಲ್ಲ. ಅವರನ್ನು ಹೆಚ್ಚುವರಿಯಾಗಿ ಇರಿಸಿದ್ದರು. ಒಂದು ವಿಮಾನ ಹಿಂದುಳಿಯಿತು, ಅದರ ಸ್ಥಾನದಲ್ಲಿ ಇವರು ಹೊರಟರು.

ಸರ್ಗೋಧಾ ಬಹುದೂರ. ಹೋಗಿಬರುವುದಕ್ಕೆ ಸಾಲುವಷ್ಟೇ ಇಂಧನ, ಕಾದಾಡುತ್ತ ನಿಲ್ಲಲು ಆಸ್ಪದವಿಲ್ಲ. ಹಿಂತಿರುಗುವ ದಾರಿಯಲ್ಲಿ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನರ ಸ್ಟಾರ್‌ಫೈಟರ್ ಎದುರಾಯಿತು. ಅದು ಅಮೆರಿಕದ ವಿಮಾನ, ಶಬ್ದದ ಎರಡರಷ್ಟು ವೇಗದ್ದು. ನಮ್ಮ ಫ್ರೆಂಚ್ ಮಿಸ್ಟೇರ್ ವೇಗದಲ್ಲಿ ಅದಕ್ಕೆ ಯಾವ ವಿಧದಲ್ಲಿಯೂ ಸಮವಲ್ಲ. ಹುಸೇನರ ಗುಂಡುಗಳು ದೇವಯ್ಯನವರ ವಿಮಾನಕ್ಕೆ ತಗುಲಿದುವು. ಕೆಲಸ ಮುಗಿಯಿತೆಂದು ಅವರು ಬೇರೊಂದು ವಿಮಾನದತ್ತ ತಿರುಗಿದರು. ಪೆಟ್ಟುತಿಂದ ಮಿಸ್ಟೇರಿನಲ್ಲಿದ್ದ ದೇವಯ್ಯನವರು ಓಡಿಹೋಗಲು ಯತ್ನಿಸದೆ ತಿರುಗಿ ಮೇಲೆಬಿದ್ದು ಆ ಸ್ಟಾರ್‌ಫೈಟರನ್ನು ಹೊಡೆದುರುಳಿಸಿದರು. ಹುಸೇನರು ಧುಮುಕುಕೊಡೆಯಿಂದ ಇಳಿದು ಬದುಕಿಕೊಂಡರು. ದೇವಯ್ಯನವರು ಉಳಿಯಲಿಲ್ಲ.

ಇತ್ತ ಆದಂಪುರಕ್ಕೆ ಈ ಕಾದಾಟದ ಸುದ್ದಿಯೇ ಮುಟ್ಟಲಿಲ್ಲ. ಮರಳಿಬಾರದವರು ದೇವಯ್ಯನವರೊಬ್ಬರೇ, ಕಾಣೆಯಾದವರೆಂದು ಅವರ ಹೆಸರು ದಾಖಲಾಯಿತು. ಊರಿನಿಂದ ಬರುವ ಕಾಗದ ಎರಡು ವಾರ ತಡವಾದರೆ ನಮ್ಮ ಮನೆಗಳಲ್ಲಿ ಎಷ್ಟು ಕಳವಳ! ಪತ್ನಿಯೂ ಎಳೆಯ ಹೆಣ್ಣುಮಕ್ಕಳೂ ಆ ಒಂದು ಶಬ್ದವನ್ನು ಇಟ್ಟುಕೊಂಡು ವರ್ಷಗಳನ್ನು ಹೇಗೆ ನೂಕಿದರೋ ನಾವು ಊಹಿಸಲಾರೆವು.

ನಿಜ ಹೊರಬಿದ್ದುದು ಎದುರು ಪಕ್ಷದ ಕಡೆಯಿಂದ. 1979ರಲ್ಲಿ ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕರು ಆ ವಾಯುಯುದ್ಧವನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ, ಸ್ಟಾರ್‌ಫೈಟರನ್ನು ಉರುಳಿಸಿದ್ದು ಒಂದು ಮಿಸ್ಟೇರ್ ಎಂಬ ಸಂಗತಿ ಇತ್ತು. ಹಾಗೆ ಕಾದಾಡಿದೆವೆಂದು ಮರಳಿಬಂದವರಾರೂ ಹೇಳಿರಲಿಲ್ಲ. ಅಲ್ಲಿಗೆ ಉಳಿದದ್ದು ಒಂದೇ ಹೆಸರು. ಆದರೂ ಸರ್ಕಾರ ಮಹಾವೀರ ಚಕ್ರವನ್ನು ಕೊಟ್ಟದ್ದು 1988ರಲ್ಲಿ, ಮಡಿದ ಇಪ್ಪತ್ತಮೂರು ವರ್ಷಗಳ ಮೇಲೆ. ಪುಸ್ತಕ ಬಂದ ಬಳಿಕವೂ ಒಂಬತ್ತು ವರ್ಷ ಕಾಯಿಸಿದ್ದು ನ್ಯಾಯವೆಂದು ನಮಗೆ ತೋರುವುದಿಲ್ಲ.

ಅವರ ದೇಹವನ್ನು ಪಾಕಿಸ್ತಾನದ ಹಳ್ಳಿಗರು ತಮ್ಮ ನೆಲದಲ್ಲಿಯೇ ಮಣ್ಣುಮಾಡಿದರು. ಮಡಿಕೇರಿಗೆ ಹೋದವರು ಖಾಸಗಿ ಬಸ್ ನಿಲ್ದಾಣದ ಬಳಿಯ ವೃತ್ತದಲ್ಲಿ ಅವರ ಹೆಸರನ್ನು ಕಾಣಬಹುದು. ದೆಹಲಿಯಲ್ಲಿರುವ ನಮಗೆ ಅಷ್ಟು ದೂರದ ಪಯಣ ಬೇಕಿಲ್ಲ. ಸ್ವಾತಂತ್ರ್ಯಾನಂತರ ಮಡಿದ ಯೋಧರ ಹೆಸರುಗಳನ್ನು ಕೆತ್ತಿದ ರಾಷ್ಟ್ರೀಯ ಯುದ್ಧ ಸ್ಮಾರಕ 2019ರಿಂದ ಇಂಡಿಯಾ ಗೇಟಿನ ಬಳಿಯಲ್ಲಿಯೇ ಇದೆ. ಬರುವ ಭಾನುವಾರ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯೋಣವೆಂದು ನಾವು ಕೆಲವರು ಮಾತನಾಡಿಕೊಂಡಿದ್ದೇವೆ.