ಸರ್ ಎಂವಿ ಕಟ್ಟಿದ ಕಾರ್ಖಾನೆದಾರರ ಸಂಘ

ಸೆಪ್ಟೆಂಬರ್ 15 ಬಂತಂದ್ರೆ ಪ್ರತಿ ಇಂಜಿನಿಯರಿಂಗ್ ಕಾಲೇಜಿನಲ್ಲೂ ಪೇಟ ಸುತ್ತಿದ ಅದೇ ಫೋಟೊಗೆ ಹಾರ ಬೀಳತ್ತೆ. ಕನ್ನಂಬಾಡಿ ಕಥೆ, ಬೀದಿದೀಪದ ಕಥೆ ನಮಗೆಲ್ಲ ಬಾಯಿಪಾಠ. ಅದೇ ಮನುಷ್ಯ ಎಂಬತ್ತರ ವಯಸ್ಸಿನಲ್ಲಿ ಕಾರ್ಖಾನೆದಾರರಿಗೆ ಒಂದು ಸಂಘ ಕಟ್ಟಿಕೊಟ್ಟದ್ದು ಮಾತ್ರ ಭಾಷಣಗಳಲ್ಲಿ ಬರೋದೇ ಅಪರೂಪ.

ಸಂಘ ಅನ್ನೋದು ನಮ್ಮ ಹುನಗುಂದ ಸೀಮೆಗೆ ಹೊಸದಲ್ಲ. ಇದೇ ತಾಲ್ಲೂಕಿನ ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರು ದಕ್ಷಿಣ ಭಾರತವನ್ನೆಲ್ಲ ಸುತ್ತಿದ ವರ್ತಕರ ಕೂಟ. ಸುಮಾತ್ರಾದ ಬಾರುಸ್‌ನಲ್ಲಿ ಸಿಕ್ಕ 1088ರ ತಮಿಳು ಶಾಸನದಲ್ಲೂ ಐನೂರ್ವರ ಹೆಸರಿದೆ. ದೇವಸ್ಥಾನದ ದೀಪಕ್ಕೆ ಗಾಣಕ್ಕಿಷ್ಟು ಅಂತ ಎಣ್ಣೆ ಬಿಟ್ಟುಕೊಟ್ಟ ಗಾಣಿಗರ ಲೆಕ್ಕವೂ ನಮ್ಮ ಶಾಸನಗಳಲ್ಲಿ ಬೇಕಾದಷ್ಟಿದೆ. ಒಬ್ಬನೇ ಇದ್ದರೆ ಸುಂಕದ ಕಟ್ಟೆಯಲ್ಲಿ ಯಾರೂ ಮಾತು ಕೇಳಲ್ಲ ಅನ್ನೋದು ಆಗಲೇ ಗೊತ್ತಿತ್ತು.

ವಿಶ್ವೇಶ್ವರಯ್ಯ ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ, 1861ರಲ್ಲಿ. ಚಿಕ್ಕ ವಯಸ್ಸಿಗೇ ತಂದೆ ತೀರಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ., ಪುಣೆಯಲ್ಲಿ ಇಂಜಿನಿಯರಿಂಗ್, ಆಮೇಲೆ ಮುಂಬಯಿ ಸರ್ಕಾರದ ಕೆಲಸ. 1909ರಲ್ಲಿ ಮೈಸೂರಿನ ಚೀಫ್ ಇಂಜಿನಿಯರ್, 1912ರಿಂದ ಆರು ವರ್ಷ ದಿವಾನರು. ಇದೆಲ್ಲ ನಿಮಗೆ ಗೊತ್ತಿರೋದೇ.

ದಿವಾನರಾಗಿದ್ದಾಗ ಮೊದಲ ಮಹಾಯುದ್ಧ ಬಂತು. ಮೈಸೂರಿನ ಗಂಧದ ಮರ ಜರ್ಮನಿಗೆ ಹೋಗೋದು ನಿಂತು, ಮರ ರಾಶಿ ಬಿತ್ತು. ಇಲ್ಲೇ ಎಣ್ಣೆ ತೆಗೆಯೋಣ ಅಂತ 1916ರಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಯ್ತು. ಎಣ್ಣೆ ತೆಗೆಯುವ ವಿಧಾನ ಕಂಡುಹಿಡಿಯೋಕೆ ನೆರವಾದವರು ಇವತ್ತು ಐಐಎಸ್‌ಸಿ ಅಂತ ಕರೆಯೋ ಸಂಸ್ಥೆಯ ರಸಾಯನಶಾಸ್ತ್ರಜ್ಞರು. ಮರವೂ ಸರ್ಕಾರದ್ದು, ಕಾರ್ಖಾನೆಯೂ ಸರ್ಕಾರದ್ದು. ಭದ್ರಾವತಿಯ ಕಬ್ಬಿಣವೂ ಹಾಗೇ. ಇಷ್ಟನ್ನೇ ನೋಡಿದರೆ ಅವರಿಗೆ ಎಲ್ಲವನ್ನೂ ಸರ್ಕಾರವೇ ಮಾಡಬೇಕಿತ್ತು ಅನ್ಸುತ್ತೆ. ನನಗೆ ಹಾಗನ್ನಿಸಲ್ಲ. ಅದೇ 1916ರಲ್ಲಿ ಅವರು ಮೈಸೂರು ಚೇಂಬರ್ ಆಫ್ ಕಾಮರ್ಸನ್ನೂ ಹುಟ್ಟುಹಾಕಿದರು. ಇವತ್ತಿನ ಎಫ್‌ಕೆಸಿಸಿಐ ಅದೇ. ಅಧಿಕಾರದಲ್ಲಿರೋ ದಿವಾನರೇ, ಸರ್ಕಾರದ ಮುಂದೆ ನಿಂತು ದೂರು ಹೇಳಬಲ್ಲ ಸಂಘವನ್ನು ಬೆಳೆಸಿದ್ದು ಸಣ್ಣ ಮಾತಲ್ಲ ನೋಡಿ.

ನಿವೃತ್ತಿಯ ನಂತರ ಅವರು ಕುರ್ಚಿಯ ಇನ್ನೊಂದು ಬದಿಗೆ ಬಂದರು. 1935ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಯುರೋಪು ಅಮೆರಿಕಗಳಿಗೆ ಹೋಗಿ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದರು. ನಮ್ಮಲ್ಲೇ ಕಾರು ಮಾಡಬೇಕು ಅನ್ನೋ ಆಸೆ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗಿದ್ದರು, ಮೈಸೂರು ಸಂಸ್ಥಾನಕ್ಕೂ ಒಲವಿತ್ತು. ಆದರೆ ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ, ಬೆಂಗಳೂರಿಗೆ ಬರಬೇಕಿದ್ದ ಕಾರ್ಖಾನೆ ಬರಲೇ ಇಲ್ಲ. ಯೋಜನೆ, ಲೆಕ್ಕ, ಬಂಡವಾಳಗಾರ ಎಲ್ಲ ಇದ್ದೂ ಕೆಲಸ ನಿಂತುಹೋದಾಗ ಒಬ್ಬ ಇಂಜಿನಿಯರಿಗೆ ಹೇಗಾಗಿರಬೇಕು, ಊಹಿಸಿಕೊಳ್ಳಿ.

1941ರಲ್ಲಿ ಅಖಿಲ ಭಾರತ ತಯಾರಕರ ಸಂಘಟನೆ ಮುಂಬಯಿಯಲ್ಲಿ ಆರಂಭವಾಯ್ತು. ವರ್ತಕರ ಸಂಘಗಳು ಆಗಲೇ ಇದ್ದವು. ಆದರೆ ಮಾರುವವನ ಕಷ್ಟ ಬೇರೆ, ತಯಾರಿಸುವವನ ಕಷ್ಟ ಬೇರೆ. ಹೊರದೇಶದ ಮಾಲು ಅಗ್ಗಕ್ಕೆ ಬಂದರೆ ವರ್ತಕನಿಗೆ ಲಾಭ, ಇಲ್ಲಿ ತಯಾರಿಸುವವನ ಬಾಗಿಲಿಗೆ ಬೀಗ. ಇಳಕಲ್‌ನಲ್ಲಿ ಎರಡು ಮಗ್ಗ ಇಟ್ಟುಕೊಂಡವರನ್ನು ಕೇಳಿ, ನೂಲಿನ ರೇಟು ಏರಿದಾಗ ಒಬ್ಬರೇ ಹೋಗಿ ಯಾರ ಹತ್ತಿರ ಹೇಳೋದು ಅಂತ. ಆಮದು ಸುಂಕ, ರೈಲು ಬಾಡಿಗೆ, ಕಚ್ಚಾಮಾಲು, ಈ ವಿಷಯಗಳಲ್ಲಿ ಸಣ್ಣ ಕಾರ್ಖಾನೆಯವನ ಅರ್ಜಿಗೂ ತೂಕ ಬರಬೇಕಾದರೆ ಅದರ ಹಿಂದೆ ನೂರಾರು ಸದಸ್ಯರು ಇರಬೇಕು.

ಅವರು ಹಲವು ವರ್ಷ ಅದರ ಅಧ್ಯಕ್ಷರಾಗಿದ್ದರು. ದೊಡ್ಡ ಗಿರಣಿಗಳ ಮಾತಷ್ಟೇ ಆಡಲಿಲ್ಲ. ಹಳ್ಳಿಗಳನ್ನು ಗುಂಪು ಮಾಡಿ ಅಲ್ಲಿಯವರೇ ಸಣ್ಣ ಕೈಗಾರಿಕೆ ನಡೆಸಬೇಕು ಅನ್ನೋ ಯೋಜನೆಗೆ ತೊಂಬತ್ತರ ಆಸುಪಾಸಿನಲ್ಲೂ ಪಟ್ಟು ಹಿಡಿದು ದುಡಿದರು. 1955ರಲ್ಲಿ ಭಾರತರತ್ನ ಬಂತು, 1962ರಲ್ಲಿ ತೀರಿಕೊಂಡರು. ಆ ಸಂಘಟನೆ ಈಗಲೂ ಇದೆ, ಸಣ್ಣ ಕಾರ್ಖಾನೆಯವರು ಈಗಲೂ ಅದರ ಸದಸ್ಯರಾಗುತ್ತಿದ್ದಾರೆ.