ಎರಡು ಸಂಗತಿಗಳ ನಂಟು ಅಳೆಯುವುದು ಹೇಗೆ? ದಾರಿ ತೋರಿಸಿದ ಮಾಜಿ ಸೇನಾಧಿಕಾರಿ

‘ಇದಕ್ಕೂ ಅದಕ್ಕೂ ಸಂಬಂಧ ಇದೆಯಂತೆ’ ಎನ್ನುವ ಫಾರ್ವರ್ಡ್‌ಗಳು ನಮಗೆ ದಿನವೂ ಬರುತ್ತವೆ. ಆ ಸಂಬಂಧವನ್ನು ಅಳೆದದ್ದು ಹೇಗೆ ಎಂದು ನಾವು ಕೇಳುವುದು ಅಪರೂಪ. ಚಾರ್ಲ್ಸ್ ಸ್ಪಿಯರ್‌ಮನ್ ಕೇಳಿದರು.

1863ರಲ್ಲಿ ಲಂಡನ್‌ನಲ್ಲಿ ಹುಟ್ಟಿದ ಅವರು ಬ್ರಿಟಿಷ್ ಸೇನೆಯಲ್ಲಿ ಅಧಿಕಾರಿಯಾಗಿದ್ದರು. 1897ರಲ್ಲಿ ಕೆಲಸ ಬಿಟ್ಟು ಮನೋವಿಜ್ಞಾನ ಕಲಿಯಲು ಜರ್ಮನಿಯ ಲೈಪ್‌ಜಿಗ್‌ಗೆ ಹೋದರು. ಡಾಕ್ಟರೇಟ್ ಸಿಕ್ಕಿದ್ದು 1906ರಲ್ಲಿ. ಅದಕ್ಕೂ ಎರಡು ವರ್ಷ ಮೊದಲೇ, ಎರಡು ಸಂಗತಿಗಳ ನಂಟನ್ನು ಅಳೆಯುವ ಕುರಿತ ಅವರ ಹೆಸರಾಂತ ಲೇಖನ ಪ್ರಕಟವಾಗಿತ್ತು.

ಆಗ ಬಳಕೆಯಲ್ಲಿದ್ದ ಕಾರ್ಲ್ ಪಿಯರ್ಸನ್ ಅವರ ವಿಧಾನ ನೇರ ಗೆರೆಯಂಥ ಸಂಬಂಧವನ್ನು ಅಳೆಯುತ್ತದೆ. ಹತ್ತು ಜನರ ಆದಾಯದ ಪಟ್ಟಿಯಲ್ಲಿ ಒಬ್ಬ ಕೋಟ್ಯಧಿಪತಿ ಇದ್ದರೆ ಸಾಕು, ಇಡೀ ಫಲಿತಾಂಶ ಅವನ ಕಡೆಗೇ ವಾಲಬಹುದು. ಸ್ಪಿಯರ್‌ಮನ್ ಅಂಕಿಯ ಬದಲು ರ‍್ಯಾಂಕ್ ನೋಡಿದರು. ಅಲ್ಲಿ ಕೋಟ್ಯಧಿಪತಿಯೂ ಬರೀ ಮೊದಲ ರ‍್ಯಾಂಕ್, ಅಷ್ಟೇ.

ಹಾಗಾಗಿ ಸಂಬಂಧ ನೇರವಾಗಿದ್ದು, ವಿಪರೀತ ಅಂಕಿಗಳು ಇಲ್ಲದಿದ್ದರೆ ಪಿಯರ್ಸನ್ ಪರೀಕ್ಷೆ. ಮಾಹಿತಿ ರ‍್ಯಾಂಕ್ ರೂಪದಲ್ಲಿದ್ದರೆ, ಅಥವಾ ಒಂದೆರಡು ಅಂಕಿ ಅತಿಯಾಗಿದ್ದರೆ ಸ್ಪಿಯರ್‌ಮನ್ ಪರೀಕ್ಷೆ.

ಸ್ಪಿಯರ್‌ಮನ್ 1945ರಲ್ಲಿ ತೀರಿಕೊಂಡರು. ಅವರ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ನೆನಪಿಡಿ: ಎರಡೂ ಪರೀಕ್ಷೆಗಳು ನಂಟನ್ನಷ್ಟೇ ತೋರಿಸುತ್ತವೆ, ಕಾರಣವನ್ನಲ್ಲ. ಮುಂದಿನ ಫಾರ್ವರ್ಡ್ ಕಳಿಸುವ ಮುನ್ನ ಇಷ್ಟು ಕೇಳೋಣ.