ವಿದ್ಯಾಸಾಗರರ ಪಾದರಕ್ಷೆ

ಪಂಚೆಯನ್ನುಟ್ಟು ಬಂದರೆಂಬ ಒಂದೇ ಕಾರಣಕ್ಕೆ ಹಾವೇರಿ ಜಿಲ್ಲೆಯ ವೃದ್ಧ ರೈತರೊಬ್ಬರನ್ನು ಬೆಂಗಳೂರಿನ ಮಾಲೊಂದರ ಕಾವಲುಗಾರರು ಬಾಗಿಲಿನಲ್ಲಿಯೇ ತಡೆದುದು 2024ನೆಯ ಜುಲೈ ತಿಂಗಳಿನ ಮಾತು. ಮಗನೊಡನೆ ಸಿನಿಮಾ ನೋಡಲು ಬಂದಿದ್ದ ಅವರಿಗಾದ ಅವಮಾನವು ವಿಧಾನಸಭೆಯವರೆಗೂ ಹೋಯಿತು. ಸರ್ಕಾರದವರು ಆ ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸಾರಿದರು. ಆ ವರ್ತಮಾನವನ್ನು ಓದಿದಾಗ ನಮ್ಮ ನೆನಪಿಗೆ ಬಂದುದು ಅದಕ್ಕೆ 150 ವರ್ಷಗಳಷ್ಟು ಹಿಂದೆ ಕಲ್ಕತ್ತೆಯ ಇನ್ನೊಂದು ಬಾಗಿಲು. ಅಲ್ಲಿ ತಡೆಯಲ್ಪಟ್ಟವರು ಪಂಡಿತ ಈಶ್ವರಚಂದ್ರ ವಿದ್ಯಾಸಾಗರರು. ವಿಧವಾ ವಿವಾಹದ ಕಾಯಿದೆಗೆ ಕಾರಣರಾದವರೆಂದೂ ವಂಗಭಾಷೆಯ ಗದ್ಯಕ್ಕೆ ಒಂದು ಹದವನ್ನು ಕೊಟ್ಟವರೆಂದೂ ಅವರನ್ನು ನಮ್ಮ ವಾಚಕರು ಬಲ್ಲರು. ಅವರು ಉಡುತ್ತಿದ್ದ ಬಟ್ಟೆಯ ಕಥೆಯು ನಮ್ಮ ಕಡೆಯಲ್ಲಿ ಅಷ್ಟಾಗಿ ಪ್ರಚಾರದಲ್ಲಿಲ್ಲ.

ಈಶ್ವರಚಂದ್ರರು ಹುಟ್ಟಿದುದು 1820ನೆಯ ಸೆಪ್ಟೆಂಬರ್ 26ರಂದು, ವಂಗದೇಶದ ಬೀರಸಿಂಹವೆಂಬ ಹಳ್ಳಿಯಲ್ಲಿ. ಮನೆತನವು ವಿದ್ಯೆಯಲ್ಲಿ ದೊಡ್ಡದು, ಹಣದಲ್ಲಿ ಏನೂ ಇಲ್ಲ. ತಾತನವರು ಮನೆ ಬಿಟ್ಟು ತೀರ್ಥಯಾತ್ರೆಗೆ ಹೊರಟುಹೋದ ಮೇಲೆ ಅಜ್ಜಿ ದುರ್ಗಾದೇವಿಯವರು ಮಕ್ಕಳನ್ನು ಕರೆದುಕೊಂಡು ತವರೂರಾದ ಈ ಹಳ್ಳಿಗೆ ಬಂದು, ತವರಿನಲ್ಲಿಯೂ ನೆಲೆ ಸಿಗದೆ, ಒಂದು ಗುಡಿಸಲು ಹಾಕಿಕೊಂಡು, ರಾಟೆಯಲ್ಲಿ ನೂಲು ತೆಗೆದು ಮಾರಿ ಸಂಸಾರವನ್ನು ಸಾಗಿಸಿದರು. ಆ ಕಾಲದಲ್ಲಿ ದಿಕ್ಕಿಲ್ಲದ ಹೆಂಗಸಿಗೆ ಮರ್ಯಾದೆಗೆಡದೆ ಅನ್ನ ಕೊಡುವ ಕಸುಬು ನೂಲುವುದೊಂದೇ. ಲ್ಯಾಂಕಷೈರಿನ ಯಂತ್ರದ ನೂಲು ನಮ್ಮ ಸಂತೆಗಳಿಗೆ ಇಳಿದ ಮೇಲೆ ಅದೂ ಹೋಯಿತು. ತಂದೆ ಠಾಕುರದಾಸರು ಬಾಲ್ಯದಲ್ಲಿಯೇ ಕಲ್ಕತ್ತೆಗೆ ನಡೆದು ಹೋಗಿ, ಬಹಳ ಕಷ್ಟಪಟ್ಟು ತಿಂಗಳಿಗೆ 2 ರೂಪಾಯಿಯ ಕೆಲಸ ಸಂಪಾದಿಸಿದಾಗ ಮನೆಯಲ್ಲಿ ಹಬ್ಬದಂತಾಯಿತಂತೆ. ಒಂದು ಗೇಣು ಬಟ್ಟೆಯ ಬೆಲೆಯೇನೆಂಬುದು ಈ ಮನೆಯವರಿಗೆ ಗೊತ್ತಿತ್ತು.

ಬಾಲಕನು ತಂದೆಯೊಡನೆ ಕಲ್ಕತ್ತೆಗೆ ಬಂದು ಸಂಸ್ಕೃತ ಕಾಲೇಜನ್ನು ಸೇರಿದುದು, ಅಲ್ಲಿ ವಿದ್ಯಾಸಾಗರನೆಂಬ ಬಿರುದನ್ನು ಪಡೆದುದು, 1841ರಲ್ಲಿ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಮುಖ್ಯ ಪಂಡಿತರಾದುದು, ಹತ್ತು ವರ್ಷಗಳ ತರುವಾಯ ತಾವು ಓದಿದ ಕಾಲೇಜಿಗೇ ಪ್ರಿನ್ಸಿಪಾಲರಾದುದು, ಇವೆಲ್ಲವೂ ಎಲ್ಲ ಚರಿತ್ರೆಗಳಲ್ಲಿಯೂ ಇವೆ. ಪಾಠಶಾಲೆಗಳ ತಪಾಸಣೆಯ ಕೆಲಸವೂ ಸೇರಿ ಅವರ ತಿಂಗಳ ಸಂಬಳ 500 ರೂಪಾಯಿಗೆ ಏರಿದಾಗಲೂ ಮೈಮೇಲೆ ಇದ್ದುದು ದಪ್ಪ ನೂಲಿನ ಧೋತರ, ಹೊದೆಯಲು ಒಂದು ಬಿಳಿಯ ಚಾದರ, ಕಾಲಿಗೆ ಚಟಿ ಎಂದು ಬಂಗಾಳಿಗಳು ಕರೆಯುವ, ಹಿಂಬದಿ ತೆರೆದ ಜೋಡು. ಇಷ್ಟೆ.

ಇಲ್ಲಿ ಆ ಕಾಲದ ಪಾದರಕ್ಷೆಯ ವ್ಯವಹಾರವನ್ನು ಕೊಂಚ ವಿವರಿಸಬೇಕಾಗಿದೆ. ಹಿರಿಯರ ಸನ್ನಿಧಿಯಲ್ಲಿ ಜೋಡು ಕಳಚುವುದು, ತಲೆಯ ರುಮಾಲನ್ನು ಕಳಚದಿರುವುದು ನಮ್ಮವರ ಮರ್ಯಾದೆ. ಟೋಪಿ ತೆಗೆಯುವುದು, ಬೂಟು ಕಳಚದಿರುವುದು ಯೂರೋಪಿನವರ ಮರ್ಯಾದೆ. ಎರಡೂ ಅವರವರಿಗೆ ಸರಿಯೇ. ಆಳುವವರು ಮಾಡಿದುದೇನೆಂದರೆ, ತಾವು ಬೂಟು ತೊಟ್ಟೇ ಕುಳಿತು, ನಮ್ಮವರು ಮಾತ್ರ ನಮ್ಮ ಪದ್ಧತಿಯಂತೆ ಬರಿಗಾಲಲ್ಲಿ ನಿಲ್ಲಬೇಕೆಂದು ವಿಧಿಸಿದರು. ಸೂರತ್ತಿನ ನ್ಯಾಯಸ್ಥಾನದಲ್ಲಿ 1862ರಲ್ಲಿ ಮಾಣೆಕ್‌ಜೀ ಕಾವಸ್‌ಜೀ ಎಂಟೀ ಎಂಬ ಪಾರಸಿ ಗೃಹಸ್ಥರು ಜೋಡು ಕಳಚಲು ಒಪ್ಪದೆ ದೊಡ್ಡ ಗದ್ದಲವಾಯಿತು. ಅದಕ್ಕೂ ಮೊದಲೇ, 1854ರಲ್ಲಿ, ಗವರ್ನರ್ ಜನರಲ್ಲರ ಸರ್ಕಾರವು ಒಂದು ರಿಯಾಯಿತಿ ಕೊಟ್ಟಿತ್ತು: ಯೂರೋಪಿನ ಮಾದರಿಯ ಬೂಟು ತೊಟ್ಟ ದೇಶೀಯರು ಅವುಗಳೊಡನೆ ದರ್ಬಾರಿಗೆ ಬರಬಹುದು. 1868ರಲ್ಲಿ ಇದು ಇನ್ನಷ್ಟು ವಿಸ್ತಾರವಾಯಿತು. ನಮ್ಮ ಅಭಿಪ್ರಾಯದಲ್ಲಿ ಮೊದಲಿನ ಕಟ್ಟಳೆಗಿಂತ ಈ ರಿಯಾಯಿತಿಯೇ ಹೆಚ್ಚು ಕೆಟ್ಟದ್ದು. ಮನುಷ್ಯನು ಅವನೇ, ಅವನ ಯೋಗ್ಯತೆಯು ಮಾತ್ರ ಚೀನಾ ಬಜಾರಿನ ಮೋಚಿಯ ಅಂಗಡಿಯಲ್ಲಿ ನಿರ್ಧಾರವಾಗುವಂತಾಯಿತು.

ವಿದ್ಯಾಸಾಗರರು ಇದನ್ನು ಬೇಗನೆ ಕಂಡುಕೊಂಡರು. ಅವರು ಸಂಸ್ಕೃತ ಕಾಲೇಜಿನಲ್ಲಿ ಸಹಾಯಕ ಕಾರ್ಯದರ್ಶಿಗಳಾಗಿದ್ದಾಗ ಒಮ್ಮೆ ಹಿಂದೂ ಕಾಲೇಜಿನ ಪ್ರಿನ್ಸಿಪಾಲ ಕರ್ ಸಾಹೇಬರನ್ನು ನೋಡಲು ಹೋದರು. ಸಾಹೇಬರು ಬೂಟುಗಾಲುಗಳನ್ನು ಮೇಜಿನ ಮೇಲೆ ಚಾಚಿಕೊಂಡೇ ಮಾತನಾಡಿ ಕಳುಹಿಸಿದರು. ಕೆಲವು ದಿನಗಳ ಮೇಲೆ ಅದೇ ಸಾಹೇಬರು ಇವರ ಕೊಠಡಿಗೆ ಬರಬೇಕಾಯಿತು. ಪಂಡಿತರು ಚಟಿಜೋಡಿನ ಕಾಲುಗಳೆರಡನ್ನೂ ಮೇಜಿನ ಮೇಲಿಟ್ಟುಕೊಂಡು, ಕುರ್ಚಿಯನ್ನೂ ತೋರಿಸದೆ, ಕೆಲಸ ಮುಗಿಸಿ ಕಳುಹಿಸಿದರು. ದೂರು ಮೇಲಕ್ಕೆ ಹೋಯಿತು. ಅತಿಥಿಯನ್ನು ಬರಮಾಡಿಕೊಳ್ಳುವ ಯೂರೋಪಿನ ಶಿಷ್ಟಾಚಾರವು ಹೀಗೆಂದು ಸಾಹೇಬರಿಂದಲೇ ತಾವು ಕಲಿತುದಾಗಿ ಇವರು ಸಮಾಧಾನ ಬರೆದುಕೊಟ್ಟರು. ಚರಿತ್ರಕಾರರೆಲ್ಲರೂ ಈ ಪ್ರಸಂಗವನ್ನು ಚಪ್ಪರಿಸಿ ಹೇಳುವರು. ನಾವೂ ಅದಕ್ಕೆ ಹೊರತಲ್ಲ.

ವಂಗದೇಶದ ಲೆಫ್ಟೆನೆಂಟ್ ಗವರ್ನರ್ ಹ್ಯಾಲಿಡೇಯವರಿಗೆ ಪಂಡಿತರಲ್ಲಿ ಬಹಳ ವಿಶ್ವಾಸ. ಆದರೂ ತಮ್ಮಲ್ಲಿಗೆ ಬರುವಾಗ ಷರಾಯಿ, ನಿಲುವಂಗಿ, ಪಾಗು ಧರಿಸಿ ಬರಬೇಕೆಂದು ಅವರು ಕೇಳಿಕೊಂಡರು. ವಿದ್ಯಾಸಾಗರರು ಸ್ನೇಹಕ್ಕಾಗಿ ಕೆಲವು ಸಲ ಹಾಗೆಯೇ ಹೋದರು. ಆ ವೇಷದಲ್ಲಿ ಅವರಿಗೆ ಉಸಿರು ಕಟ್ಟಿದಂತಾಗುತ್ತಿತ್ತಂತೆ. ಕೊನೆಗೆ, ಇದೇ ತಮ್ಮ ಕಡೆಯ ಭೇಟಿಯೆಂದು ಬಿಚ್ಚುಮನಸ್ಸಿನಿಂದ ತಿಳಿಸಿಬಿಟ್ಟರು. ಕಾರಣವನ್ನು ಕೇಳಿದ ಹ್ಯಾಲಿಡೇಯವರು ಧೋತರ ಚಾದರಗಳಲ್ಲಿಯೇ ಬರಲು ಒಪ್ಪಿಗೆ ಕೊಟ್ಟರು. ಕೇಳಿದರೆ ಸಿಕ್ಕುವ ಒಪ್ಪಿಗೆಯನ್ನು ಕೇಳುವ ಧೈರ್ಯ ಎಷ್ಟು ಜನ ಅಧಿಕಾರಿಗಳಿಗೆ ಇದ್ದೀತು?

ಇನ್ನು ಆ ಬಾಗಿಲಿನ ಸಂಗತಿ. 1874ನೆಯ ಜನವರಿಯಲ್ಲಿ ಕಾಶಿಯ ಕವಿ ಹರಿಶ್ಚಂದ್ರರು ಕಲ್ಕತ್ತೆಗೆ ಬಂದಿದ್ದರು. ಅವರೊಡನೆ ವಿದ್ಯಾಸಾಗರರು ಪಾರ್ಕ್ ಬೀದಿಯ ಏಷಿಯಾಟಿಕ್ ಸೊಸೈಟಿಗೆ ಹೋದರು. ವಸ್ತುಸಂಗ್ರಹಾಲಯವೂ ಆಗ ಅದೇ ಕಟ್ಟಡದಲ್ಲಿತ್ತು. ಇಂಗ್ಲೀಷ್ ಜೋಡು ತೊಟ್ಟಿದ್ದ ಸಂಗಡಿಗರಿಗೆ ತಡೆಯಿಲ್ಲ. ಪಂಡಿತರ ಚಟಿಯನ್ನು ನೋಡಿ ದ್ವಾರಪಾಲಕನು, ಅದನ್ನು ಕಳಚಿಡಬೇಕು, ಇಲ್ಲವೆ ಕೈಯಲ್ಲಿ ಹಿಡಿದುಕೊಂಡು ಹೋಗಬೇಕೆಂದನು. ಅವರು ಒಂದು ಮಾತನ್ನೂ ಆಡದೆ ಹಿಂದಿರುಗಿದರು. ಕಾವಲಿನವನ ಮೇಲೆ ರೇಗಲಿಲ್ಲ. ಅವನು ಹೇಳಿದಂತೆ ಕೇಳುವವನು. ಫೆಬ್ರವರಿ 5ರಂದು ಸಂಗ್ರಹಾಲಯದ ಆಡಳಿತದವರಿಗೆ ಒಂದು ಪತ್ರ ಬರೆದರು.

ಆ ಪತ್ರದಲ್ಲಿ ಸ್ವದೇಶದ ಅಭಿಮಾನದ ಆರ್ಭಟವಿಲ್ಲ, ತನಗಾದ ಅವಮಾನದ ಗೋಳಾಟವಿಲ್ಲ. ಇದ್ದುದು ನ್ಯಾಯದ ಒಂದು ಪ್ರಶ್ನೆ. ನೆಲಕ್ಕೆ ಜಮಖಾನ ಹಾಸಿ ಎಲ್ಲರೂ ಅದರ ಮೇಲೆ ಕುಳಿತುಕೊಳ್ಳುವ ಸ್ಥಳದಲ್ಲಿ ಜೋಡು ಕಳಚುವುದು ನಮ್ಮ ಪದ್ಧತಿ; ಸಂಗ್ರಹಾಲಯದಲ್ಲಿ ಹಾಸೂ ಇಲ್ಲ, ಕುಳಿತುಕೊಳ್ಳುವುದೂ ಇಲ್ಲ. ಒಂದೇ ದರ್ಜೆಯ ಇಬ್ಬರಲ್ಲಿ ಒಬ್ಬನು ಇಂಗ್ಲೀಷ್ ಜೋಡಿನಿಂದಾಗಿ ಒಳಗೆ ಹೋಗುವುದೂ, ಇನ್ನೊಬ್ಬನು ದೇಶದ ಜೋಡಿನಿಂದಾಗಿ ಹೊರಗೆ ನಿಲ್ಲುವುದೂ ಯಾವ ಆಧಾರದ ಮೇಲೆ? ತಾವು ಅಂತಹ ಆಜ್ಞೆಯನ್ನು ಮಾಡಿಲ್ಲವೆಂದು ಆಡಳಿತದವರು ಉತ್ತರ ಕೊಟ್ಟು, ವಿಷಯವನ್ನು ಸೊಸೈಟಿಯವರಿಗೆ ಒಪ್ಪಿಸಿದರು. ಕಾಗದಗಳು ಅತ್ತಿಂದಿತ್ತ ಓಡಾಡಿದುವು, ಪತ್ರಿಕೆಗಳು ಬರೆದುವು, ಒಪ್ಪುವಂತಹ ಉತ್ತರ ಬರಲಿಲ್ಲ. ಪಂಡಿತರು ಮತ್ತೆ ಆ ಮೆಟ್ಟಿಲನ್ನು ಹತ್ತಲಿಲ್ಲವೆಂದು ಹೇಳುವರು.

ಇಷ್ಟರಿಂದ ಅವರು ಕೋಟು ಬೂಟುಗಳ ವೈರಿಯೆಂದು ಭಾವಿಸಿದರೆ ತಪ್ಪಾದೀತು. ಆಂಗ್ಲ ವೇಷದ ಬಂಗಾಳಿಗಳಲ್ಲಿ ಅಗ್ರಗಣ್ಯರಾದ ಕವಿ ಮೈಕೇಲ್ ಮಧುಸೂದನ ದತ್ತರು 1864ರಲ್ಲಿ ಫ್ರಾನ್ಸಿನ ವರ್ಸೇಲ್ಸಿನಲ್ಲಿ ಸಾಲದಲ್ಲಿ ಮುಳುಗಿ, ಹೆಂಡತಿ ಮಕ್ಕಳೊಡನೆ ಸೆರೆಮನೆಯ ಭಯದಲ್ಲಿದ್ದಾಗ, ಹಣ ಕಳುಹಿಸಿ ಕಾಪಾಡಿದವರು ಈ ಚಾದರದ ಬ್ರಾಹ್ಮಣರೇ. ಸಾಹೇಬರ ಉಡುಪಿನಲ್ಲಿಯೇ ಸುಧಾರಣೆಯಿದೆಯೆಂದು ನಂಬಿದ ಅನೇಕರು ಮನೆಯ ವಿಧವೆಯ ವಿಷಯ ಬಂದಾಗ ಬಾಯಿ ಮುಚ್ಚಿಕೊಂಡರು. 1856ನೆಯ ಜುಲೈಯಲ್ಲಿ ವಿಧವಾ ವಿವಾಹದ ಕಾಯಿದೆಯಾದುದೂ, ಡಿಸೆಂಬರ್ 7ರಂದು ಕಲ್ಕತ್ತೆಯಲ್ಲಿ ಅದರಂತೆ ಮೊದಲನೆಯ ಮದುವೆ ನಡೆದುದೂ ಧೋತರವುಟ್ಟವರ ಹಟದಿಂದ. ಅಂತಹ ಮದುವೆಗಳಿಗಾಗಿ ಅವರು ಹೊತ್ತ ಸಾಲವು ಬಹುಕಾಲ ತೀರಲಿಲ್ಲ.

ಅದೇ ಕಾಲದಲ್ಲಿ ಶಾಂತಿಪುರದ ನೇಕಾರರು ಸೀರೆಯ ಅಂಚಿನಲ್ಲಿ ವಿದ್ಯಾಸಾಗರರು ಚಿರಂಜೀವಿಯಾಗಲೆಂಬ ಹಾಡನ್ನು ನೇಯ್ದು ಮಾರತೊಡಗಿದರು. ಆ ಸೀರೆಗಳಿಗೆ ಅವರ ಹೆಸರೇ ಬಿದ್ದಿತು. ವಿರೋಧಿಗಳು ಅದೇ ಹಾಡನ್ನು ತಿರುಚಿ ಶಾಪವನ್ನಾಗಿ ಹಾಡಿದರೆಂಬುದೂ ಉಂಟು. ನೂಲು ಮಾರಿ ಬದುಕಿದ ಅಜ್ಜಿಯ ಮೊಮ್ಮಗನಿಗೆ ಮಗ್ಗದವರು ಕೊಟ್ಟ ಈ ಬಿರುದು ನಮಗೆ ಸರ್ಕಾರದ ಬಿರುದಿಗಿಂತ ದೊಡ್ಡದಾಗಿ ಕಾಣುತ್ತದೆ.

ಸರ್ಕಾರದ ಬಿರುದೂ ಬಂದಿತು. 1880ರಲ್ಲಿ ಅವರಿಗೆ ಸಿ. ಐ. ಇ. ಪದವಿ ಸಂದಿತು. ಅದನ್ನು ಪಡೆಯಲು ದರ್ಬಾರಿನ ಪೋಷಾಕು ಬೇಕು. ಪಂಡಿತರು ಆ ಸಮಯಕ್ಕೆ ಊರಿನಲ್ಲಿರದೆ, ಸಂತಾಲರ ನಡುವೆ ತಾವು ಕಟ್ಟಿಕೊಂಡಿದ್ದ ಕರ್ಮಾಟಾಡದ ಮನೆಗೆ ಹೊರಟುಹೋದರು. ತರುವಾಯ ಕಚೇರಿಯ ನೌಕರನೊಬ್ಬನೂ ಜವಾನನೊಬ್ಬನೂ ಪದಕವನ್ನು ಮನೆಗೇ ತಂದುಕೊಟ್ಟು, ಭಕ್ಷೀಸಿಗಾಗಿ ಕಾದು ನಿಂತರಂತೆ. ಪದಕವನ್ನು ಅಂಗಡಿಯಲ್ಲಿ ಮಾರಿ, ಬಂದ ಹಣವನ್ನು ಇಬ್ಬರೂ ಹಂಚಿಕೊಳ್ಳಬಹುದೆಂದು ವಿದ್ಯಾಸಾಗರರು ಅವರಿಗೆ ಹೇಳಿದರೆಂದು ಚರಿತ್ರಕಾರರು ಬರೆದಿರುವರು. ಅವರು 1891ನೆಯ ಜುಲೈ 29ರಂದು ಕಲ್ಕತ್ತೆಯಲ್ಲಿ ತೀರಿಕೊಂಡರು.